ಅರಿಶಿನ ಬರುತ್ತದೆ, ಕುಂಕುಮ ಬರುವುದಿಲ್ಲ: ಅಮೆರಿಕದ ಸ್ನ್ಯಾಪ್ ನೆರವಿನಲ್ಲಿ ಏನೇನು ಕೊಳ್ಳಬಹುದು?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಪರಿಚಯದ ಹೆಣ್ಣುಮಗಳೊಬ್ಬಳ ಜೊತೆ ನಮ್ಮೂರಿನ ಭಾರತೀಯ ದಿನಸಿ ಅಂಗಡಿಗೆ ಹೋಗಿದ್ದೆ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಕಳೆದಿದ್ದ ಕುಟುಂಬ ಅದು. ಗಂಡನ ಕೆಲಸ ಹೋಗಿ, ಉಳಿತಾಯವೂ ಕರಗುತ್ತಾ ಬಂದ ಮೇಲೆ ಅವರು ಸರ್ಕಾರದ ಆಹಾರ ನೆರವಿಗೆ ಅರ್ಜಿ ಹಾಕಿದ್ದರು. ಮಂಜೂರಾದ ಮೇಲೆ ಅವಳು ಕಾರ್ಡ್ ಹಿಡಿದು ಅಂಗಡಿಗೆ ಬಂದದ್ದು ಅದೇ ಮೊದಲು. ಅಕ್ಕಿ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು, ಅರಿಶಿನದ ಪೊಟ್ಟಣ ಇವೆಲ್ಲವೂ ಕಾರ್ಡಿನ ಲೆಕ್ಕಕ್ಕೆ ಸೇರಿದವು. ಕುಂಕುಮ, ಕರ್ಪೂರ, ಊದುಬತ್ತಿ ಮತ್ತು ದೀಪದ ಎಣ್ಣೆಯ ಒಂದು ಬಾಟಲಿ ಮಾತ್ರ ಹೊರಗುಳಿದು, ಯಂತ್ರವು ಬೇರೆ ಹಣ ಕೇಳಿತು. ಹಿಂದೆ ಸಾಲಿನಲ್ಲಿ ನಿಂತವರನ್ನು ನೋಡಿ ಅವಳ ಮುಖ ಕೆಂಪಾಯಿತು. "ಅಕ್ಕಾ, ನಾನೇನಾದರೂ ತಪ್ಪು ಮಾಡಿದೆನಾ?" ಎಂದು ಮೆಲ್ಲಗೆ ಕೇಳಿದಳು.

ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೆ ನಿಯಮ ಮೊದಲೇ ತಿಳಿದಿದ್ದರೆ ಆ ಒಂದು ಗಳಿಗೆಯ ಮುಜುಗರ ತಪ್ಪುತ್ತಿತ್ತು ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಮಾತಿನಲ್ಲಿ ಇಂದಿಗೂ ಫುಡ್ ಸ್ಟಾಂಪ್ ಎನ್ನುವ ಈ ಯೋಜನೆಯ ಹೆಸರು 2008ರಿಂದ ಸ್ನ್ಯಾಪ್ ಎಂದಾಗಿದೆ. 1964ರ ಕಾಯ್ದೆಯಿಂದ ಶಾಶ್ವತ ರೂಪ ಪಡೆದ ಇದರಲ್ಲಿ ಆಗ ಕಾಗದದ ಕೂಪನ್ನುಗಳಿದ್ದವು. ಈಗ ಬ್ಯಾಂಕಿನ ಡೆಬಿಟ್ ಕಾರ್ಡಿನಂತೆಯೇ ಕಾಣುವ, ಪಿನ್ ಸಂಖ್ಯೆಯಿಂದ ನಡೆಯುವ ಇಬಿಟಿ ಕಾರ್ಡ್ ಇದೆ. ನಮ್ಮ ಕಡೆಯ ರೇಷನ್ ಕಾರ್ಡಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಇಂಥ ಪದಾರ್ಥ ಇಷ್ಟು ಕಿಲೋ ಎಂದು ಅಳೆದು ಕೊಡುತ್ತಾರೆ. ಇಲ್ಲಿ ಪ್ರತಿ ತಿಂಗಳು ಕಾರ್ಡಿಗೆ ಹಣ ಜಮೆಯಾಗುತ್ತದೆ, ಯಾವ ಆಹಾರ ಬೇಕೆಂಬುದನ್ನು ನೀವೇ ಆರಿಸಿಕೊಳ್ಳುತ್ತೀರಿ. ಕೇಂದ್ರ ಕೃಷಿ ಇಲಾಖೆಯಿಂದ ಪರವಾನಗಿ ಪಡೆದ ಯಾವುದೇ ಅಂಗಡಿಯಲ್ಲಿ, ಯಾವುದೇ ರಾಜ್ಯದಲ್ಲಿ ಕಾರ್ಡ್ ನಡೆಯುತ್ತದೆ. ವಾಲ್‌ಮಾರ್ಟ್, ಅಮೆಜಾನ್ ಮೊದಲಾದವುಗಳಲ್ಲಿ ಆನ್‌ಲೈನ್ ಖರೀದಿಗೂ ನಡೆಯುತ್ತದೆ, ಆದರೆ ಮನೆಗೆ ತಲುಪಿಸುವ ಶುಲ್ಕವನ್ನು ಮಾತ್ರ ನೀವೇ ಕೊಡಬೇಕು.

ಮನೆಗೆ ಕೊಂಡೊಯ್ದು ಮನೆಯವರು ತಿನ್ನುವ ಅಥವಾ ಕುಡಿಯುವ ಆಹಾರಕ್ಕೆ ಕಾರ್ಡ್ ನಡೆಯುತ್ತದೆ, ಉಳಿದ ಯಾವುದಕ್ಕೂ ನಡೆಯುವುದಿಲ್ಲ ಎಂಬುದೇ ಮೂಲ ನಿಯಮ. ಅಕ್ಕಿ, ಹಿಟ್ಟು, ಬೇಳೆ, ತರಕಾರಿ, ಹಣ್ಣು, ಹಾಲು, ಮೊಸರು, ತುಪ್ಪ, ಮೊಟ್ಟೆ, ಮಾಂಸ, ಮೀನು, ಮಸಾಲೆ ಸಾಮಾನು, ಉಪ್ಪಿನಕಾಯಿ, ಕಾಫಿಪುಡಿ, ಫ್ರಿಜ್ಜಿನಲ್ಲಿಟ್ಟ ದೋಸೆ ಹಿಟ್ಟು, ಹೆಪ್ಪುಗಟ್ಟಿಸಿದ ಪರೋಟ ಎಲ್ಲವೂ ಇದರಲ್ಲಿ ಬರುತ್ತವೆ. ಕಾಫಿಪುಡಿ ಬರುತ್ತದೆ, ಕಾಫಿ ಫಿಲ್ಟರ್ ಬರುವುದಿಲ್ಲ. ಮಗುವಿನ ಹಾಲಿನಪುಡಿ ಬರುತ್ತದೆ, ಡಯಾಪರ್ ಬರುವುದಿಲ್ಲ. ಸೋಪು, ಟೂತ್‌ಪೇಸ್ಟ್, ಪೇಪರ್ ಟವೆಲ್, ಪಾತ್ರೆ ತೊಳೆಯುವ ದ್ರವ, ನಾಯಿ ಬೆಕ್ಕುಗಳ ಆಹಾರ, ಮದ್ಯ ಮತ್ತು ತಂಬಾಕು ಪೂರ್ತಿಯಾಗಿ ಹೊರಗೆ.

ಪೂಜಾಸಾಮಗ್ರಿಯ ವಿಷಯದಲ್ಲಿ ನಮ್ಮವರು ಹೆಚ್ಚಾಗಿ ಎಡವುವುದು ಎಣ್ಣೆಯ ಬಾಟಲಿಯಲ್ಲಿ. ಅಡುಗೆಯ ಎಳ್ಳೆಣ್ಣೆಯೂ ದೀಪದ ಎಣ್ಣೆಯೂ ಒಂದೇ ಬಣ್ಣದಲ್ಲಿ, ಹಲವು ಬಾರಿ ಅಕ್ಕಪಕ್ಕದ ಕಪಾಟಿನಲ್ಲೇ ಇರುತ್ತವೆ. ಬಾಟಲಿಯನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲಿ ಕ್ಯಾಲರಿ, ಕೊಬ್ಬು, ಸೋಡಿಯಂ ಮುಂತಾದ ವಿವರಗಳಿರುವ ನ್ಯೂಟ್ರಿಷನ್ ಫ್ಯಾಕ್ಟ್ಸ್ ಪಟ್ಟಿ ಇದ್ದರೆ ಅದು ಆಹಾರ; ಸೇವನೆಗೆ ಯೋಗ್ಯವಲ್ಲ ಎಂದೋ, ದೀಪಕ್ಕೆ ಮಾತ್ರ ಎಂದೋ ಬರೆದಿದ್ದರೆ ಅಲ್ಲ. ತಲೆಗೆ ಹಚ್ಚಲು ಮಾರುವ ಕೊಬ್ಬರಿ ಎಣ್ಣೆಗೂ ಇದೇ ಮಾತು.

ಆರೋಗ್ಯದ ಹೆಸರಿನಲ್ಲಿ ಮಾರುವ ಪುಡಿ, ಲೇಹ್ಯ, ಗುಳಿಗೆಗಳನ್ನೂ ಇದೇ ರೀತಿ ಹಿಂಬದಿಯ ಪಟ್ಟಿಯಿಂದಲೇ ಗುರುತಿಸಬೇಕು. ಪಟ್ಟಿಯ ತಲೆಬರಹ ಸಪ್ಲಿಮೆಂಟ್ ಫ್ಯಾಕ್ಟ್ಸ್ ಎಂದಿದ್ದರೆ ಅದನ್ನು ಪೂರಕ ಔಷಧವೆಂದು ಪರಿಗಣಿಸುವುದರಿಂದ ಕಾರ್ಡ್ ನಡೆಯುವುದಿಲ್ಲ. ವಯಸ್ಸಾದ ತಂದೆತಾಯಿಗಳಿಗೆ ಪ್ರೋಟೀನ್ ಪುಡಿ ಕೊಳ್ಳುವವರು ಒಂದೇ ಕಪಾಟಿನಲ್ಲಿ ಎರಡೂ ಬಗೆಯವು ಇರುತ್ತವೆಂಬುದನ್ನು ನೆನಪಿಡಬೇಕು. ವಿಟಮಿನ್ ಮಾತ್ರೆ ಮತ್ತು ಔಷಧಗಳಿಗಂತೂ ಅವಕಾಶವೇ ಇಲ್ಲ.

ಇನ್ನು ಬಿಸಿ ಆಹಾರ. ಮಾರುವ ಹೊತ್ತಿಗೆ ಬಿಸಿಯಾಗಿರುವ ತಿನಿಸಿಗೆ ಕಾರ್ಡ್ ನಡೆಯುವುದಿಲ್ಲ. ದಿನಸಿ ಅಂಗಡಿಯ ಬಾಗಿಲ ಬಳಿ ದೀಪ ಹಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಬೆಚ್ಚಗಿರುವ ಸಮೋಸವನ್ನು ಕೊಳ್ಳಲಾಗದು, ಆದರೆ ಅದೇ ಸಮೋಸ ತಣ್ಣಗೆ ಡಬ್ಬಿಯಲ್ಲಿ ಪ್ಯಾಕ್ ಆಗಿದ್ದು ಮನೆಗೆ ಒಯ್ಯುವಂತಿದ್ದರೆ ಕೊಳ್ಳಬಹುದು. ಹಸಿವಾದ ಮಗುವಿನ ಕೈ ಹಿಡಿದು ನಿಂತ ತಾಯಿಗೆ ಈ ವ್ಯತ್ಯಾಸವನ್ನು ವಿವರಿಸುವಾಗ ನನಗೆ ಪ್ರತಿಸಲವೂ ಸಂಕಟವಾಗುತ್ತದೆ. ಆದರೂ ನಿಯಮ ಹೀಗೇ ಇದೆ. ಹೋಟೆಲಿನ ಊಟಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ. ಕ್ಯಾಲಿಫೋರ್ನಿಯಾ, ಅರಿಜೋನಾ ಮೊದಲಾದ ಕೆಲವು ರಾಜ್ಯಗಳಲ್ಲಿ ವೃದ್ಧರಿಗೆ, ಅಂಗವಿಕಲರಿಗೆ ಮತ್ತು ಮನೆಯಿಲ್ಲದವರಿಗೆ ಮಾತ್ರ ಗೊತ್ತುಪಡಿಸಿದ ಹೋಟೆಲುಗಳಲ್ಲಿ ವಿನಾಯಿತಿಯಿದೆ. ಮಗುವಿನ ಹುಟ್ಟುಹಬ್ಬದ ಕೇಕನ್ನು ಕೊಳ್ಳಬಹುದು. ಮೇಲಿನ ಗೊಂಬೆ, ಅಲಂಕಾರ ಮುಂತಾದ ತಿನ್ನಲಾಗದ ವಸ್ತುಗಳ ಬೆಲೆ ಒಟ್ಟು ಬೆಲೆಯ ಅರ್ಧವನ್ನು ಮೀರಬಾರದು, ಅಷ್ಟೇ.

ಬಹಳ ಮಂದಿಗೆ ತಿಳಿಯದ, ನನಗೆ ತುಂಬಾ ಇಷ್ಟವಾದ ಸಂಗತಿಯೊಂದಿದೆ. ಮನೆಯ ಊಟಕ್ಕೆ ಬೆಳೆ ಕೊಡುವ ಬೀಜ ಮತ್ತು ಸಸಿಗಳನ್ನೂ ಈ ಕಾರ್ಡಿನಿಂದ ಕೊಳ್ಳಬಹುದು. ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನಾಗಲಿ, ಕೊತ್ತಂಬರಿ, ಮೆಂತ್ಯದ ಬಿತ್ತನೆ ಬೀಜವನ್ನಾಗಲಿ, ಕರಿಬೇವಿನ ಗಿಡವನ್ನಾಗಲಿ ಪರವಾನಗಿ ಇರುವ ಅಂಗಡಿಯಲ್ಲಿ ಕೊಂಡು ಕುಂಡದಲ್ಲಿ ಬೆಳೆಸಿಕೊಳ್ಳಿ. ಕುಂಡ, ಮಣ್ಣು, ಗೊಬ್ಬರಗಳಿಗೆ ಮಾತ್ರ ಕೈಯಿಂದ ಕೊಡಬೇಕು. ರೈತರ ಸಂತೆಗಳಲ್ಲಿ ಹಲವು ಕಡೆ ಈ ಕಾರ್ಡ್ ತೆಗೆದುಕೊಳ್ಳುತ್ತಾರೆ. ಕೆಲವೆಡೆ ಡಬಲ್ ಅಪ್ ಫುಡ್ ಬಕ್ಸ್ ಎಂಬ ಯೋಜನೆಯಡಿ ನೀವು ಖರ್ಚು ಮಾಡಿದಷ್ಟೇ ಮೊತ್ತವನ್ನು ಹಣ್ಣು ತರಕಾರಿಗೆಂದು ಒಂದು ಮಿತಿಯವರೆಗೆ ಸೇರಿಸಿ ಕೊಡುತ್ತಾರೆ. ಸಂತೆಯ ಮಾಹಿತಿ ಮೇಜಿನಲ್ಲಿ ಕೇಳಿ ನೋಡಿ.

ಸಾಮಾನಿನ ಬುಟ್ಟಿಯಲ್ಲಿ ಬರುವವೂ ಬಾರದವೂ ಬೆರೆತಿದ್ದರೆ ಗಾಬರಿ ಬೇಡ. ಮೊದಲು ಇಬಿಟಿ ಕಾರ್ಡ್ ಉಜ್ಜಿ, ಉಳಿದ ಮೊತ್ತಕ್ಕೆ ನಿಮ್ಮ ಬ್ಯಾಂಕ್ ಕಾರ್ಡ್ ಅಥವಾ ನಗದು ಕೊಡಿ. ವಿಂಗಡಿಸುವ ಕೆಲಸ ಯಂತ್ರದ್ದು. ಸ್ನ್ಯಾಪ್ ಹಣದಿಂದ ಕೊಂಡ ಆಹಾರಕ್ಕೆ ಮಾರಾಟ ತೆರಿಗೆ ಹಾಕುವಂತಿಲ್ಲ. ರಸೀದಿಯ ಕೊನೆಯಲ್ಲಿ ಉಳಿದ ಮೊತ್ತ ಅಚ್ಚಾಗಿರುತ್ತದೆ. ತಿಂಗಳ ಕೊನೆಗೆ ಉಳಿದ ಹಣ ಮುಂದಿನ ತಿಂಗಳಿಗೆ ಸೇರುತ್ತದೆ, ಆದರೆ ಒಂಬತ್ತು ತಿಂಗಳು ಕಾರ್ಡನ್ನು ಮುಟ್ಟದೇ ಇದ್ದರೆ ಅದು ಕೈತಪ್ಪುತ್ತದೆ. ಈ ಹಣವನ್ನು ನಗದಾಗಿ ತೆಗೆಯಲು ಸಾಧ್ಯವಿಲ್ಲ. ಬೇರೆಯವರಿಗೆ ಸಾಮಾನು ಕೊಡಿಸಿ ಅವರಿಂದ ನಗದು ಪಡೆಯುವುದು ಅಪರಾಧ. ಆಹಾರವು ನಿಮ್ಮ ಮನೆಯವರಿಗಾಗಿಯೇ ಇರಬೇಕಾದ್ದರಿಂದ ಊರಿಗೆ ಕಳಿಸಲೆಂದೋ, ಸಂಘದ ಹಬ್ಬದೂಟಕ್ಕೆಂದೋ ಮೂಟೆ ಕೊಳ್ಳಬಾರದು.

2026ರ ಜನವರಿ 1ರಿಂದ ಇಂಡಿಯಾನಾ, ಅಯೋವಾ, ನೆಬ್ರಾಸ್ಕಾ, ಯೂಟಾ ಮತ್ತು ವೆಸ್ಟ್ ವರ್ಜೀನಿಯಾ ರಾಜ್ಯಗಳು ಸೋಡಾದಂಥ ತಂಪು ಪಾನೀಯಗಳನ್ನು, ಕೆಲವೆಡೆ ಮಿಠಾಯಿಯನ್ನೂ ಪಟ್ಟಿಯಿಂದ ತೆಗೆದಿವೆ. ಇನ್ನೂ ಹಲವು ರಾಜ್ಯಗಳು ಇಂಥದೇ ಅನುಮತಿ ಪಡೆದಿವೆ. ಆದ್ದರಿಂದ ನೀವಿರುವ ರಾಜ್ಯದ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಗರ್ಭಿಣಿಯರಿಗೆ, ಬಾಣಂತಿಯರಿಗೆ ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ವಿಕ್ ಎಂಬ ಬೇರೆ ಯೋಜನೆಯಿದೆ. ಇದು ನಮ್ಮ ರೇಷನ್ ಪದ್ಧತಿಗೆ ಹತ್ತಿರ: ಹಾಲು, ಮೊಟ್ಟೆ, ಒಣ ಕಾಳು, ಕಂದು ಅಕ್ಕಿ, ಮಗುವಿನ ಹಾಲಿನಪುಡಿ ಹೀಗೆ ಗೊತ್ತುಪಡಿಸಿದ ಪದಾರ್ಥಗಳು ಗೊತ್ತುಪಡಿಸಿದ ಅಳತೆಯಲ್ಲಿ ಮಾತ್ರ, ಜೊತೆಗೆ ಹಣ್ಣು ತರಕಾರಿಗೆ ಒಂದಿಷ್ಟು ಹಣ. ಅಳತೆಯೋ ಬ್ರ್ಯಾಂಡೋ ಬೇರೆಯಾದರೆ ಯಂತ್ರ ಒಪ್ಪುವುದಿಲ್ಲ, ಆದ್ದರಿಂದ ಅವರು ಕೊಡುವ ಪುಸ್ತಿಕೆಯನ್ನೋ ಮೊಬೈಲ್ ಆ್ಯಪನ್ನೋ ಅಂಗಡಿಗೆ ಒಯ್ಯಿರಿ.

ಅರ್ಹತೆಯ ಬಗ್ಗೆ ಸಂಕ್ಷಿಪ್ತವಾಗಿ ಹೇಳಲೇಬೇಕು. ಎಚ್‌1ಬಿ, ಎಚ್4, ಎಫ್1 ಎಂಬ ತಾತ್ಕಾಲಿಕ ವೀಸಾದಲ್ಲಿರುವವರಿಗೆ (ಕ್ರಮವಾಗಿ ಉದ್ಯೋಗಿ, ಉದ್ಯೋಗಿಯ ಕುಟುಂಬ, ವಿದ್ಯಾರ್ಥಿ) ಸ್ನ್ಯಾಪ್ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇರುವ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಹದಿನೆಂಟರೊಳಗಿನ ಗ್ರೀನ್ ಕಾರ್ಡ್ ಮಕ್ಕಳಿಗೆ ಈ ಕಾಯುವಿಕೆಯಿಲ್ಲ. ಇಲ್ಲಿ ಹುಟ್ಟಿದ ಮಗು ನಾಗರಿಕನಾದ್ದರಿಂದ, ತಂದೆತಾಯಿಗೆ ಅರ್ಹತೆ ಇಲ್ಲದಿದ್ದರೂ ಮಗುವಿನ ಪರವಾಗಿ ಅರ್ಜಿ ಹಾಕಬಹುದು, ಆದರೆ ಅವರ ಆದಾಯ ಲೆಕ್ಕಕ್ಕೆ ಬರುತ್ತದೆ. ವಿಕ್ ಯೋಜನೆಗೆ ಕೇಂದ್ರದ ನಿಯಮದಲ್ಲಿ ವೀಸಾದ ಷರತ್ತಿಲ್ಲ. 2022ರ ನಿಯಮದಂತೆ ಸ್ನ್ಯಾಪ್ ಮತ್ತು ವಿಕ್ ಪಡೆದದ್ದನ್ನು ಗ್ರೀನ್ ಕಾರ್ಡ್ ಅರ್ಜಿಯ ಪಬ್ಲಿಕ್ ಚಾರ್ಜ್ ಪರಿಶೀಲನೆಯಲ್ಲಿ, ಅಂದರೆ ಅರ್ಜಿದಾರರು ಮುಂದೆ ಸರ್ಕಾರದ ನೆರವಿಗೇ ಅವಲಂಬಿತರಾಗುವರೇ ಎಂದು ನೋಡುವಾಗ, ಎಣಿಸುವುದಿಲ್ಲ. ಆದರೆ ಆ ನಿಯಮವನ್ನು ಕೈಬಿಡುವ ಪ್ರಸ್ತಾವವನ್ನು ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿದ್ದರಿಂದ, ಗ್ರೀನ್ ಕಾರ್ಡಿನ ದಾರಿಯಲ್ಲಿರುವವರು ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಕೊನೆಯದಾಗಿ ಕಳ್ಳತನದ ಮಾತು. ಕಾರ್ಡ್ ಉಜ್ಜುವ ಯಂತ್ರದ ಮೇಲೆ ಕಳ್ಳಸಾಧನ ಕೂರಿಸಿ ಕಾರ್ಡಿನ ವಿವರವನ್ನೂ ಪಿನ್ನನ್ನೂ ಕದಿಯುವವರಿದ್ದಾರೆ. ಹಾಗೆ ಕಳೆದುಕೊಂಡ ಹಣವನ್ನು ಕೇಂದ್ರದ ನಿಧಿಯಿಂದ ತುಂಬಿಕೊಡುವ ಅವಕಾಶ 2024ರ ಡಿಸೆಂಬರಿನಲ್ಲಿ ಮುಗಿದಿದೆ. ಆದ್ದರಿಂದ ನಿಮ್ಮ ರಾಜ್ಯದಲ್ಲಿ ಹಣ ಜಮೆಯಾಗುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅದರ ಹಿಂದಿನ ದಿನ ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ ಪಿನ್ ಬದಲಿಸಿ. ಯಂತ್ರದ ಮುಂದೆ ನಿಂತಾಗ ಕಾರ್ಡ್ ಹಾಕುವ ಜಾಗವನ್ನು ಒಮ್ಮೆ ಅಲುಗಾಡಿಸಿ ನೋಡಿ, ಪಿನ್ ಒತ್ತುವ ಕೈಗೆ ಇನ್ನೊಂದು ಕೈಯನ್ನು ಮರೆಯಾಗಿ ಹಿಡಿಯಿರಿ.