ಗೋಡೌನಲ್ಲಿ ಕೂತ ಸಾಮಾನಿನ ಖರ್ಚು: ನಾನು ಲೆಕ್ಕ ಹಾಕಿದ ಬಗೆ

ಚಿಕ್ಕಮಗಳೂರಲ್ಲಿ ವೈರಿಂಗ್, ಪ್ಲಂಬಿಂಗ್ ಕಾಂಟ್ರ್ಯಾಕ್ಟ್ ಮಾಡುತ್ತೇನೆ. ಹೋಂಸ್ಟೇ, ತೋಟದ ಮನೆ, ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಕೆಲಸವೇ ಜಾಸ್ತಿ. ಮಲ್ಲಂದೂರಿನ ಆಚೆ ಕೆಲಸ ನಡೆಯುವಾಗ ಪೈಪ್ ತಿರುಗಿಸಿ ಜೋಡಿಸುವ ಒಂದು ಎಲ್ಬೋ ಕಮ್ಮಿ ಬಿದ್ದರೂ ಅರ್ಧ ದಿನ ಹೋಯಿತು, ಹಾಗಾಗಿ ಎಲ್ಲವನ್ನೂ ತುಂಬಿಟ್ಟುಕೊಳ್ಳುವುದು ನನಗೆ ರೂಢಿ. ಆದರೆ ಕೈತುಂಬಾ ಕೆಲಸ ಇದ್ದರೂ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಇಳಿಯುತ್ತಿರಲಿಲ್ಲ.

ಮೊದಲು ಸ್ಟಾಕ್ ಎಣಿಸಿದೆ, ವರ್ಷಕ್ಕೆ ನಾಲ್ಕು ಸಲ. ಒಂದೇ ಸಲ ಎಣಿಸಿದರೆ ಮೋಸ ಹೋಗುತ್ತೀರಿ. ನನಗೆ ಸಿಕ್ಕಿದ್ದು 8.2, 11.6, 9.4, 6.8 ಲಕ್ಷ, ಸರಾಸರಿ 9 ಲಕ್ಷ. ಕೊಂಡ ದರವನ್ನೇ ಹಿಡಿದೆ, ಕ್ರೆಡಿಟ್ ಸಿಗುವ ಜಿಎಸ್‌ಟಿ ಬಿಟ್ಟು. ಕೆಲಸ ಮುಗಿದ ಸೈಟುಗಳಲ್ಲಿ ಬಿದ್ದಿದ್ದ ಪೈಪು, ವೈರನ್ನೂ ಸೇರಿಸಿದೆ.

ಆಮೇಲೆ ವರ್ಷದ ಖರ್ಚು. ಓಡಿ ಬಡ್ಡಿ ಶೇ. 11, ಅಂದರೆ 99,000. ಗೋಡೌನ್ ಬಾಡಿಗೆ ತಿಂಗಳಿಗೆ 6,000, ಅದರಲ್ಲಿ ಮೂರನೇ ಒಂದು ಭಾಗದಲ್ಲಿ ಏಣಿ, ಟೂಲ್ಸ್ ಇರುವುದರಿಂದ ಸಾಮಾನಿನ ಪಾಲು 48,000. ಸಾಮಾನು ನೋಡಿಕೊಳ್ಳುವ ಹುಡುಗನ ಸಂಬಳ ತಿಂಗಳಿಗೆ 15,000, ಅದರ ಕಾಲು ಭಾಗ ಅಂದರೆ ವರ್ಷಕ್ಕೆ 45,000. ವಿಮೆ 4,500. ಹಾಳಾದದ್ದು, ಕಳೆದದ್ದು 31,500. ನಮ್ಮ ಮಳೆಗಾಲ ಗೊತ್ತಲ್ವಾ, ಜಿಐ (ಸತು ಲೇಪಿಸಿದ ಕಬ್ಬಿಣದ) ಕ್ಲಾಂಪ್ ಮೇಲೆ ಬಿಳಿ ಪುಡಿ ಕೂರುತ್ತದೆ, ಬಾಕ್ಸುಗಳು ಒದ್ದೆಯಾಗುತ್ತವೆ, ಒಮ್ಮೆ ಬಿಚ್ಚಿದ, ಪೈಪ್ ಅಂಟಿಸುವ ಸಾಲ್ವೆಂಟ್ ಡಬ್ಬಿ ಒಳಗೇ ಗಟ್ಟಿಯಾಗುತ್ತದೆ. ಇನ್ನು ಮಾಡೆಲ್ ಹಳೆಯದಾಗಿ ಯಾರೂ ಬೇಡ ಅಂದ ಸ್ವಿಚ್ ಪ್ಲೇಟು, ನಲ್ಲಿಗಳಿಂದ 24,000.

ಒಟ್ಟು 2,52,000. ಅದನ್ನು 9 ಲಕ್ಷಕ್ಕೆ ಭಾಗಿಸಿದರೆ ಶೇ. 28. ನೂರು ರೂಪಾಯಿ ಸಾಮಾನು ವರ್ಷ ಸುಮ್ನೆ ಕೂತರೆ 28 ರೂಪಾಯಿ ಖರ್ಚು. ನಾನು ಬಡ್ಡಿ ಒಂದನ್ನೇ ಖರ್ಚು ಅಂದುಕೊಂಡಿದ್ದೆ.

ಆದರೆ ಈ 28ನ್ನು ಎಲ್ಲ ಕಡೆ ಹಾಕಬೇಡಿ, ಇಲ್ಲೇ ನಾನು ಎಡವುತ್ತಿದ್ದೆ. ಮಳೆಗಾಲಕ್ಕೆ ಮುಂಚೆ ಅಂಗಡಿಯವರು, “ಅಣ್ಣ, ಆರು ತಿಂಗಳ ವೈರ್ ಒಟ್ಟಿಗೆ ಎತ್ತಿಬಿಡಿ, ಶೇ. 5 ಬಿಡ್ತೀನಿ” ಅಂದರು. ಆರು ತಿಂಗಳು ಸಮನಾಗಿ ಖರ್ಚಾದರೆ ಸರಾಸರಿ ಅರ್ಧ ಮಾಲು ಅರ್ಧ ವರ್ಷ ಕೂತ ಹಾಗೆ, ಅಂದರೆ 28ರ ಕಾಲು ಭಾಗ, 7. ನಷ್ಟ ಅಂತ ಬಿಟ್ಟುಬಿಡುವವನಿದ್ದೆ. ಆದರೆ ನಾಲ್ಕು ಕಾಯಿಲ್ ಜಾಸ್ತಿ ಇಟ್ಟರೆ ಬಾಡಿಗೆ ಏರುವುದಿಲ್ಲ, ಹುಡುಗನ ಸಂಬಳವೂ ಏರುವುದಿಲ್ಲ. ಅವೆರಡನ್ನೂ ತೆಗೆದರೆ 1,59,000 ಉಳಿಯುತ್ತದೆ, ಶೇ. 17.7. ಅದರ ಕಾಲು 4.4. ಅಂದರೆ ಲಾಭ ಬರೀ 0.6, ಅಷ್ಟಕ್ಕೆ ಓಡಿ ಬಿಗಿ ಮಾಡಿಕೊಳ್ಳುವುದು ನನಗೆ ಬೇಡವಾಯಿತು. ಎರಡು ತಿಂಗಳಿಗಾಗುವಷ್ಟು ಮಾತ್ರ ತಂದೆ. ಪೂರ್ತಿ 28 ಬೇಕಾಗುವುದು ಗೋಡೌನನ್ನೇ ಚಿಕ್ಕದು ಮಾಡೋಣವಾ ಅಂತ ಯೋಚಿಸುವಾಗ.

ಸ್ವಿಚ್ ಪ್ಲೇಟು, ನಲ್ಲಿಗಳನ್ನು ಈಗ ಗಿರಾಕಿ ಆರಿಸಿದ ಮೇಲೇ ತರುತ್ತೇನೆ. ಎಲ್ಬೋ, ಟೀ, ಕಪ್ಲರ್ ಮಾತ್ರ ಮೊದಲಿನಷ್ಟೇ ಇಟ್ಟಿದ್ದೇನೆ. ಅವೆಲ್ಲ ಸೇರಿ 40,000, ಶೇ. 17.7ರಂತೆ ಇಡುವ ಖರ್ಚು ವರ್ಷಕ್ಕೆ ಸುಮಾರು 7,000. ಇಬ್ಬರು ಕೆಲಸದವರನ್ನು ಕೂರಿಸಿ ತೋಟದಿಂದ ಪೇಟೆಗೆ ಒಮ್ಮೆ ಓಡಿ ಬಂದರೆ ನನಗೆ ಕಮ್ಮಿ ಅಂದರೂ 1,000 ಹೋಗುತ್ತದೆ, ಹೀಗೆ ತುಂಬಿಟ್ಟುಕೊಳ್ಳುವ ರೂಢಿಗೆ ಮುಂಚೆ ಅಂಥ ಓಡಾಟ ತಿಂಗಳಿಗೆ ಎರಡಾದರೂ ಆಗುತ್ತಿತ್ತು.