2023ರ ಕನ್ನಡ ಸಿನಿಮಾಗಳು: ನನ್ನ ಪಟ್ಟಿ ಆದದ್ದು ಹೀಗೆ

ವರ್ಷದ ಸಿನಿಮಾಗಳ ಪಟ್ಟಿಯನ್ನು ನಾನು ಡಿಸೆಂಬರ್‌ನಲ್ಲಿ ಮಾಡುವುದಿಲ್ಲ. ಸಂಕ್ರಾಂತಿ ಕಳೆಯಲಿ ಅಂತ ಕಾಯುತ್ತೇನೆ. 2023ರಲ್ಲಿ ಈ ಕಾಯುವಿಕೆ ಉಪಯೋಗಕ್ಕೆ ಬಂತು. ‘ಕಾಟೇರ’ ಬಿಡುಗಡೆ ಆಗಿದ್ದೇ ಡಿಸೆಂಬರ್ 29ಕ್ಕೆ. ಅಷ್ಟರಲ್ಲಿ ನನ್ನ ಗೆಳೆಯರೆಲ್ಲ ತಮ್ಮ ತಮ್ಮ ಟಾಪ್ ಟೆನ್ ಹೇಳಿ, ಜಗಳ ಆಡಿ, ಮುಗಿಸಿಬಿಟ್ಟಿದ್ದರು.

ಕಾಯುವುದಕ್ಕೆ ಇನ್ನೊಂದು ಕಾರಣ ಇದೆ. ನೋಡಿ ಬಂದ ವಾರದಲ್ಲಿ ಎಲ್ಲ ಸಿನಿಮಾನೂ ನನಗೆ ಸ್ವಲ್ಪ ಜಾಸ್ತಿಯೇ ಇಷ್ಟವಾಗಿರುತ್ತದೆ. ದುಡ್ಡು ಕೊಟ್ಟು, ಟ್ರಾಫಿಕ್‌ನಲ್ಲಿ ಒದ್ದಾಡಿ ಹೋಗಿರುತ್ತೇವೆ, ಅಲ್ವಾ? ಚೆನ್ನಾಗಿತ್ತು ಅಂತ ನಮಗೆ ನಾವೇ ಹೇಳಿಕೊಳ್ಳುವ ಆಸೆ ಇದ್ದೇ ಇರುತ್ತದೆ.

ಮೊದಲ ತಕರಾರು ಯಾವ ಸಿನಿಮಾ ಈ ವರ್ಷದ್ದು ಅನ್ನುವುದು. ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ 2020ರಲ್ಲೇ ಬೂಸಾನ್ ಚಿತ್ರೋತ್ಸವಕ್ಕೆ ಹೋಗಿತ್ತು. ಇಲ್ಲಿನ ಚಿತ್ರಮಂದಿರಕ್ಕೆ ಬಂದದ್ದು 2023ರ ಜೂನ್‌ನಲ್ಲಿ. ನನ್ನ ನಿಯಮ ಸರಳ. ನಾನು ಟಿಕೆಟ್ ಕೊಂಡು ನೋಡಬಹುದಾದ ದಿನವೇ ಆ ಸಿನಿಮಾ ಹುಟ್ಟಿದ ದಿನ. ಬೂಸಾನ್‌ನಲ್ಲಿ ಯಾರೋ ನೋಡಿದ್ದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಇದೇ ನಿಯಮದಿಂದ ಮನೆಯಲ್ಲಿ ಜಗಳವೂ ಆಯಿತು. ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗದಲ್ಲಿ ಬಂತು. ಸೈಡ್ ಎ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. “ಒಂದೇ ಕಥೆ ಕಣೋ ಅಣ್ಣ, ಎರಡು ಜಾಗ ಯಾಕೆ ಕೊಡ್ತೀಯ?” ಅಂತ ತಮ್ಮ ಕೇಳಿದ. ಎರಡು ದಿನ, ಎರಡು ಟಿಕೆಟ್, ಹಾಗಾಗಿ ಎರಡು ಸಿನಿಮಾ ಅಂದೆ. ನಿಜ ಹೇಳಬೇಕೆಂದರೆ ಒಳಗಿನ ಲೆಕ್ಕ ಬೇರೆ ಇತ್ತು. ಎರಡನ್ನೂ ಸೇರಿಸಿದರೆ ಸೈಡ್ ಎ ಕೆಳಗಿಳಿಯುತ್ತಿತ್ತು. ಅದು ನನಗೆ ಬೇಕಿರಲಿಲ್ಲ.

ಅಂಕ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಹತ್ತಕ್ಕೆ ಎಷ್ಟು ಅಂತ ಕೇಳಿಕೊಂಡರೆ ನನ್ನ ಕೈ ಎಲ್ಲದಕ್ಕೂ ಏಳು ಬರೆಯುತ್ತದೆ. ಅದರ ಬದಲು ಎರಡೆರಡು ಸಿನಿಮಾ ಎದುರು ಬದುರು ಇಡುತ್ತೇನೆ. ಒಂದೇ ಪ್ರಶ್ನೆ: ಇವೆರಡರಲ್ಲಿ ಯಾವುದು ನನ್ನ ಜೊತೆ ಜಾಸ್ತಿ ದಿನ ಇತ್ತು? ಯಾವುದು ಒಳ್ಳೆಯ ಸಿನಿಮಾ ಅಂತ ಕೇಳುವುದಿಲ್ಲ. ಅದನ್ನು ಕೇಳಿದ ತಕ್ಷಣ ನಾನು ಪ್ರಶಸ್ತಿ ಸಮಿತಿಯವನ ಥರ ಮಾತಾಡಲು ಶುರು ಮಾಡುತ್ತೇನೆ. ಕ್ಯಾಮೆರಾ, ಸಂಕಲನ, ಸಾಮಾಜಿಕ ಕಾಳಜಿ ಅಂತೆಲ್ಲ. ಇಷ್ಟದ ಪಟ್ಟಿಗೆ ಅದು ಬೇಡ.

ಸಿನಿಮಾ ಮುಗಿಸಿ ಪಾರ್ಕಿಂಗ್‌ಗೆ ಬರುವಾಗ ಫೋನಿನಲ್ಲಿ ಒಂದು ಸಾಲು ಬರೆದಿಡುತ್ತೇನೆ. ಅಭಿಪ್ರಾಯ ಅಲ್ಲ, ಒಂದು ದೃಶ್ಯ. ಜನವರಿಯಲ್ಲಿ ಪಟ್ಟಿಗೆ ಕೂತಾಗ ಮೊದಲು ಆ ಸಾಲುಗಳನ್ನು ನೋಡದೆಯೇ ನೆನಪು ಮಾಡಿಕೊಳ್ಳುತ್ತೇನೆ. ಬರೆದಿಟ್ಟ ದೃಶ್ಯವೇ ನೆನಪಿಗೆ ಬರದಿದ್ದರೆ ಆ ಸಿನಿಮಾ ತಾನಾಗಿ ಕೆಳಗೆ ಹೋಗುತ್ತದೆ. ಆ ವರ್ಷದ ದೊಡ್ಡ ಆ್ಯಕ್ಷನ್ ಸಿನಿಮಾಗಳು ಹೀಗೆ ಜಾರಿದವು. ಸದ್ದು ನೆನಪಿತ್ತು, ಬೇರೇನೂ ಇರಲಿಲ್ಲ.

ಮೇಲಿನ ಜಾಗ ಸಿಕ್ಕಿದ್ದು ‘ಡೇರ್‌ಡೆವಿಲ್ ಮುಸ್ತಫಾ’ಕ್ಕೆ. ಶಶಾಂಕ್ ಸೋಗಾಲ್ ಅವರ ಮೊದಲ ಸಿನಿಮಾ, ಮೇ ತಿಂಗಳಲ್ಲಿ ಬಂತು. ತೇಜಸ್ವಿಯವರ ಓದುಗರೇ ಸೇರಿ ದುಡ್ಡು ಹಾಕಿದ ಸಿನಿಮಾ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಈ ಕಥೆಯನ್ನು ಕಾಲೇಜಿನ ದಿನಗಳಿಂದ ಓದಿಕೊಂಡು ಬಂದವನು ನಾನು. ಹಾಗಾಗಿ ಹೆದರಿಕೊಂಡೇ ಹೋಗಿದ್ದೆ. ಕೆಲವೇ ಪುಟಗಳ ಕಥೆಯನ್ನು ಪೂರ್ತಿ ಸಿನಿಮಾ ಮಾಡುವಾಗ ಎಳೆಯಲೇಬೇಕು. ಎಳೆದಿದ್ದಾರೆ ಕೂಡ. ಕ್ರಿಕೆಟ್ ಪಂದ್ಯ ನನಗೆ ಉದ್ದವಾಯಿತು. ಆದರೆ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬರುತ್ತಾನೆ ಅಂತ ಗೊತ್ತಾದಾಗ, ಅವನ ಮುಖ ನೋಡುವ ಮೊದಲೇ ಹುಡುಗರು ತಮ್ಮ ತಲೆಯಲ್ಲಿ ಒಬ್ಬ ಮುಸ್ತಫಾನನ್ನು ಕಟ್ಟಿಕೊಳ್ಳುತ್ತಾರಲ್ಲ, ಅಲ್ಲಿ ತೇಜಸ್ವಿಯ ತುಂಟತನ ಹಾಗೇ ಉಳಿದಿದೆ. ಭಾಷಣವಿಲ್ಲ. ನಗಿಸುತ್ತಲೇ ನಮ್ಮ ಅಜ್ಞಾನವನ್ನು ತೋರಿಸಿಬಿಡುತ್ತಾರೆ. ಶಿಶಿರ ಬೈಕಾಡಿ ಮುಸ್ತಫಾ ಆಗಿ ಬಂದ ಮೇಲೆ, ಕಥೆ ಓದುವಾಗ ನಾನು ಕಟ್ಟಿಕೊಂಡಿದ್ದ ಮುಸ್ತಫಾ ಹೊರಟೇಹೋದ. ನನ್ನ ಮಟ್ಟಿಗೆ ಇದು ದೊಡ್ಡ ಮಾತು.

ಓದಿದ ಕಥೆಯ ಮೇಲಿನ ಮೋಹ ಇದರಲ್ಲಿ ಸೇರಿಲ್ಲವೇ ಅಂದರೆ ಸೇರಿದೆ. ಸೇರಲಿ. ಇದು ನನ್ನ ಪಟ್ಟಿ.

ಎರಡು ಮತ್ತು ಮೂರನೇ ಜಾಗಕ್ಕೆ ಸೈಡ್ ಎ ಮತ್ತು ‘ಪಿಂಕಿ ಎಲ್ಲಿ?’ ಎದುರು ಬದುರಾದವು. ಪಟ್ಟಿಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ ಜೋಡಿ. ಪಿಂಕಿಯದ್ದು ಕೆಲಸಕ್ಕೆ ಹೋಗುವ ದಂಪತಿಯ ಪುಟ್ಟ ಮಗು ಕಾಣೆಯಾಗುವ ಕಥೆ. ಹಿನ್ನೆಲೆ ಸಂಗೀತದಿಂದ ನಮ್ಮನ್ನು ಅಳಿಸಲು ನೋಡುವುದಿಲ್ಲ. ಮನೆ, ಪೊಲೀಸ್ ಠಾಣೆ, ಬೀದಿ, ಕೊಳೆಗೇರಿ, ಹೀಗೆ ಬೆಂಗಳೂರಿನ ಒಂದೊಂದು ಮೂಲೆ ಹಿಡಿದು ಹೋಗುತ್ತದೆ. ಮಗುವನ್ನು ಹುಡುಕುವವರೂ ಪೂರ್ತಿ ಒಳ್ಳೆಯವರಲ್ಲ, ಕಳೆದವರೂ ಪೂರ್ತಿ ಕೆಟ್ಟವರಲ್ಲ. ಅಕ್ಷತಾ ಪಾಂಡವಪುರ ಅವರ ತಾಯಿಯ ಪಾತ್ರವನ್ನು ಇಷ್ಟಪಡುವುದೇ ಕಷ್ಟ. ಅವರ ನಟನೆಯ ಶಕ್ತಿ ಇರುವುದೂ ಅಲ್ಲೇ. ಸಿನಿಮಾ ಕಟ್ಟಿದ ಬಗೆ ನೋಡಿದರೆ ಪಿಂಕಿಯೇ ಆ ವರ್ಷದ ಮೊದಲನೆಯದು ಅನ್ನುತ್ತೇನೆ. ಯಾರಾದರೂ ಕೇಳಿದರೆ ಇವತ್ತೂ ಅದನ್ನೇ ಹೇಳುತ್ತೇನೆ.

ಆದರೆ ನನ್ನ ಪ್ರಶ್ನೆ ಅದಲ್ಲವಲ್ಲ. ಸೈಡ್ ಎ ನೋಡಿದ ಮೇಲೆ ಚರಣ್ ರಾಜ್ ಅವರ ಹಾಡುಗಳು ಅಕ್ಟೋಬರ್ ಪೂರ್ತಿ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ನನ್ನ ಜೊತೆ ಇದ್ದವು. ಯಜಮಾನನ ಮನೆಯವರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಮನು, ಹೊರಗೆ ಕಾಯುವ ಪ್ರಿಯಾ. ಇಷ್ಟೇ ಕಥೆ. ರುಕ್ಮಿಣಿ ವಸಂತ್ ಜೈಲಿನ ಭೇಟಿಗಳಲ್ಲಿ ಮಾತಿಗಿಂತ ಮುಖದಲ್ಲೇ ಕಥೆ ಮುಂದೆ ತಳ್ಳುತ್ತಾರೆ. ಒಂದೊಂದು ಭೇಟಿಗೂ ಅವರ ನಗು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಹೋಗುತ್ತದೆ. ಮನುವಿನ ಪೆದ್ದುತನಕ್ಕೆ ಸಿಟ್ಟು ಬಂದರೂ ಎದ್ದು ಹೋಗಲು ಆಗಲಿಲ್ಲ. ಎರಡನೇ ಜಾಗ ಅದಕ್ಕೇ ಹೋಯಿತು.

ಸೈಡ್ ಬಿ ಒಂಬತ್ತನೆಯದು, ಅಂದರೆ ಪಟ್ಟಿಯ ಕಡೆಯದು. ಜೈಲಿನಿಂದ ಬಂದ ಮನು ಪ್ರಿಯಾಳ ಮನೆಯ ಸುತ್ತ ಸುತ್ತುವಾಗ ನನಗೆ ಅದು ಪ್ರೀತಿ ಅನ್ನಿಸಲಿಲ್ಲ. ಸಿನಿಮಾಗೂ ಆ ಅನುಮಾನ ಇದೆ, ಆದರೆ ಸಾಕಷ್ಟಿಲ್ಲ. ಚೈತ್ರಾ ಆಚಾರ್ ನಟನೆ ಇಲ್ಲದಿದ್ದರೆ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಎಂಟನೇ ಜಾಗದ ‘ಟೋಬಿ’ಯಲ್ಲೂ ಅವರೇ ಇದ್ದಾರೆ. ಅದರ ಮೊದಲರ್ಧ ಇಷ್ಟ, ಆಮೇಲಿನ ಹೊಡೆದಾಟ ಅಷ್ಟಕ್ಕಷ್ಟೆ.

ನಡುವಿನ ಜಾಗಗಳು ಯಾವಾಗಲೂ ಗೋಜಲು. ಜುಲೈ 21ಕ್ಕೆ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’, ಮುಂದಿನ ವಾರವೇ ‘ಆಚಾರ್ ಅಂಡ್ ಕೋ’. ಒಂದರಲ್ಲಿ ಒಂದೇ ರಾತ್ರಿಯ ಗಲಾಟೆ, ಇನ್ನೊಂದರಲ್ಲಿ ಅರವತ್ತು ಎಪ್ಪತ್ತರ ದಶಕದ ಬೆಂಗಳೂರಿನ ದೊಡ್ಡ ಕುಟುಂಬ. ಇವನ್ನು ಎದುರು ಬದುರು ಇಡುವುದೇ ಅನ್ಯಾಯ. ಹಾಸ್ಟೆಲ್ ಹುಡುಗರನ್ನು ತುಂಬಿದ ಹಾಲ್‌ನಲ್ಲಿ, ಕಾಲೇಜು ಹುಡುಗರ ಕೂಗಾಟದ ನಡುವೆ ನೋಡಿದೆ. ಮತ್ತೆ ಮನೆಯಲ್ಲಿ ಒಬ್ಬನೇ ಕೂತು ನೋಡಿದಾಗ ನಗು ಅರ್ಧಕ್ಕೆ ಇಳಿಯಿತು. ಯಾವ ನೋಡುವಿಕೆ ಲೆಕ್ಕಕ್ಕೆ? ಮೊದಲನೆಯದು ಅಂತ ತೀರ್ಮಾನಿಸಿದೆ. ಹಾಲ್‌ಗೆಂದೇ ಮಾಡಿದ ಸಿನಿಮಾಗೆ ಸೋಫಾದ ಮೇಲೆ ಕೂತು ಅಂಕ ಕಳೆಯುವುದು ಸರಿಯಲ್ಲ.

ಆದರೂ ಅದು ಐದಕ್ಕೆ ನಿಂತಿತು, ಸಿಂಧು ಶ್ರೀನಿವಾಸಮೂರ್ತಿ ಅವರ ‘ಆಚಾರ್ ಅಂಡ್ ಕೋ’ ನಾಲ್ಕಕ್ಕೆ ಬಂತು. ಅದಕ್ಕೆ ಕಾರಣ ಅಮ್ಮ. ಹೆಣ್ಣುಮಕ್ಕಳ ಮದುವೆಯೇ ಮನೆಯ ದೊಡ್ಡ ಚಿಂತೆಯಾಗಿರುವ ಆ ಕಥೆ ನೋಡಿ ಬಂದ ಮೇಲೆ, ಅಮ್ಮ ತನ್ನನ್ನು ನೋಡಲು ಬಂದ ಗಂಡುಗಳ ವಿಷಯ ಮೊದಲ ಸಲ ಹೇಳಿದರು. ನಾನು ಕೇಳಿರದ ಹೆಸರುಗಳು! ಸಿನಿಮಾದ ಗುಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಬಹುದು. ಅದನ್ನು ನಾನು ಒಪ್ಪುವುದಿಲ್ಲ. ಅಮ್ಮನ ಬಾಯಿ ಬಿಡಿಸಿದ್ದು ಆ ಸಿನಿಮಾವೇ.

‘ಕಾಟೇರ’ದ ವಿಷಯದಲ್ಲೂ ಹಾಗೇ. ಉಳುವವನೇ ಭೂಮಿಯ ಒಡೆಯ ಎಂಬ ಕಾಲದ ಕಥೆ. ನಮ್ಮ ಕಡೆ ಗೇಣಿ, ಒಕ್ಕಲು, ಡಿಕ್ಲರೇಶನ್ (ಉಳುವ ಜಮೀನು ತಮಗೆ ಸೇರಬೇಕೆಂದು ಒಕ್ಕಲಿನವರು ಕೊಡುತ್ತಿದ್ದ ಅರ್ಜಿ) ಅನ್ನುವ ಮಾತುಗಳನ್ನು ಅಜ್ಜನ ಬಾಯಲ್ಲಿ ಕೇಳುತ್ತಲೇ ಬೆಳೆದವರು ನಾವು. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಎಷ್ಟೋ ಮನೆಗಳ ಹಣೆಬರಹ ಬದಲಿಸಿತು. ಅಂಥ ವಿಷಯವನ್ನು ಶಿಳ್ಳೆ ಬೀಳುವ ಸಿನಿಮಾದೊಳಗೆ ತಂದಿದ್ದು ಖುಷಿ ಕೊಟ್ಟಿತು. ಹೊಡೆದಾಟ ಇಷ್ಟು ಬೇಕಿತ್ತಾ? ಬೇಕಿರಲಿಲ್ಲ. ತಮ್ಮನ ಪಟ್ಟಿಯಲ್ಲಿ ಇದೇ ನಂಬರ್ ಒನ್, ನನ್ನದರಲ್ಲಿ ಆರು. ಏಳಕ್ಕೆ ರಾಜ್ ಬಿ. ಶೆಟ್ಟಿ ಅವರ ‘ಸ್ವಾತಿ ಮುತ್ತಿನ ಮಳೆ ಹನಿಯೇ’. ಸಾವಿಗೆ ಹತ್ತಿರ ಇರುವವರ ಆರೈಕೆ ಕೇಂದ್ರದಲ್ಲಿ ನಡೆಯುವ ನಿಧಾನದ ಪ್ರೇಮಕಥೆ. ಸೈಡ್ ಬಿ ಬಂದ ಮರುವಾರವೇ ಬಂತು, ನನ್ನಲ್ಲಿ ದುಃಖಕ್ಕೆ ಜಾಗ ಉಳಿದಿರಲಿಲ್ಲ. ಬೇರೆ ತಿಂಗಳಲ್ಲಿ ಬಂದಿದ್ದರೆ ಮೇಲೆ ಹೋಗುತ್ತಿತ್ತೋ ಏನೋ. ಸಿರಿ ರವಿಕುಮಾರ್ ಅವರ ನಟನೆಗಾಗಿ ಅದನ್ನು ಇನ್ನೊಮ್ಮೆ ನೋಡಬೇಕು.

ಪಟ್ಟಿಗೆ ಹತ್ತನೆಯದು ಹುಡುಕಲಿಲ್ಲ. ಹತ್ತು ಇರಲೇಬೇಕು ಅಂತ ಯಾರು ಹೇಳಿದ್ದು? ಉತ್ಸವ್ ಗೋನವಾರ ಅವರ ‘ಫೋಟೋ’ವನ್ನು ಗೆಳೆಯನೊಬ್ಬ ಚಿತ್ರೋತ್ಸವದಲ್ಲೇ ನೋಡಿ, ಅದನ್ನು ಸೇರಿಸು ಅಂತ ದುಂಬಾಲು ಬಿದ್ದ. ಚಿತ್ರಮಂದಿರಕ್ಕೆ ಬರಲಿ, ಆಮೇಲೆ ನೋಡೋಣ ಅಂದೆ. 2024ರ ಮಾರ್ಚ್‌ನಲ್ಲಿ ಬಂತು. ಆ ವರ್ಷದ ಪಟ್ಟಿಯಲ್ಲಿ ಅದರ ಎದುರು ‘ಶಾಖಾಹಾರಿ’ ನಿಂತಿತು. ಆ ಜಗಳ ತಮ್ಮನ ಜೊತೆ ಇನ್ನೂ ನಡೆಯುತ್ತಲೇ ಇದೆ.