ಜಿಮ್ನಿಗೆ 40 ಎಂಎಂ ಸಾಕಾಯ್ತು

ನಮ್ಮ ತೋಟ ಇರೋದು ಸಕಲೇಶಪುರದ ಹತ್ತಿರ. ಮನೆಯಿಂದ ಕೆರೆಗೆ ಇಳಿಯುವ ದಾರಿಯಲ್ಲಿ ಒಂದು ದಿಬ್ಬ ಇದೆ. ಅದರ ಎರಡೂ ಕಡೆ ಮಳೆನೀರು ಕೊರೆದ ಕೊರಕಲು. 2024ರ ಜುಲೈಯಲ್ಲಿ, ಜಡಿಮಳೆ ನಡುವೆ, ನನ್ನ ಮಾರುತಿ ಜಿಮ್ನಿ ಆ ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು. ಮುಂದಿನ ಚಕ್ರ ಆ ಕಡೆ ಇಳಿದಿದೆ, ಹಿಂದಿನದು ಈ ಕಡೆ ಇನ್ನೂ ಹತ್ತಿಲ್ಲ. ನಾಲ್ಕೂ ಚಕ್ರ ಕೆಸರಲ್ಲಿ ಸುಮ್ನೆ ತಿರುಗುತ್ತಿದ್ದವು. ಕೊನೆಗೆ ಟ್ರ್ಯಾಕ್ಟರ್ ತಂದು ಎಳೆಸಿದೆವು. ಗಾಡಿ ಎತ್ತರಿಸುವ ಲಿಫ್ಟ್ ಕಿಟ್‌ನ ಯೋಚನೆ ಬಂದಿದ್ದು ಆಗಲೇ.

ಇದೇ ದಿಬ್ಬವನ್ನು ಅಪ್ಪನ ಹಳೆ ಜಿಪ್ಸಿ ಎಷ್ಟೋ ವರ್ಷ ಹತ್ತಿ ಇಳಿದಿತ್ತು. ಜಿಪ್ಸಿಯ ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2375 ಎಂಎಂ. ನನ್ನ ಐದು ಬಾಗಿಲಿನ ಜಿಮ್ನಿಯದು 2590. ಎಂಟು ಇಂಚಿಗಿಂತ ಸ್ವಲ್ಪ ಜಾಸ್ತಿ ಉದ್ದ. ಚಕ್ರಗಳು ದೂರ ಆದಷ್ಟೂ ನಡುವಿನ ಹೊಟ್ಟೆ ದಿಬ್ಬಕ್ಕೆ ಬೇಗ ತಾಗುತ್ತೆ. ಕಂಪನಿಯವರು ಬ್ರೇಕ್‌ಓವರ್ ಆ್ಯಂಗಲ್ ಅಂತ ಕೊಡುವ ಅಂಕಿ ಇದೇ, ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಕೋನ. ನನ್ನ ಗಾಡಿಯಲ್ಲಿ ಅದು 24 ಡಿಗ್ರಿ. ಮುಂದಿನ ಅಪ್ರೋಚ್ ಆ್ಯಂಗಲ್ 36, ಹಿಂದಿನ ಡಿಪಾರ್ಚರ್ 50. ಮೂತಿಗೂ ಬಾಲಕ್ಕೂ ತೊಂದರೆ ಇಲ್ಲ, ತೊಂದರೆ ಇರೋದು ನಡುವಲ್ಲಿ.

ಮಳೆ ನಿಂತ ಮೇಲೆ ಗಾಡಿ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ನೋಡಿದೆ. ಗೀರು ಬಿದ್ದಿದ್ದು ಗಾಡಿ ನಡುವೆ, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದೆ ಹಿಂದೆ ಹಂಚುವ ಗೇರ್ ಡಬ್ಬಿ) ಹತ್ತಿರದ ಅಡ್ಡಪಟ್ಟಿಗೆ. ಆಕ್ಸಲ್ ನಡುವೆ ಗುಂಡಗಿರುವ ಗೇರ್ ಡಬ್ಬಿಗೆ, ಅಂದ್ರೆ ಡಿಫರೆನ್ಶಿಯಲ್ ಹೌಸಿಂಗ್‌ಗೆ, ಒಂದು ಗೀರೂ ಇರಲಿಲ್ಲ. ಕಿಟ್ ಕೊಳ್ಳಬೇಕು ಅನ್ನೋರು ಮೊದಲು ಮಾಡಬೇಕಾದ ಕೆಲಸ ಇದೇ ಅಂತ ನಾನು ಈಗಲೂ ಎಲ್ಲರಿಗೂ ಹೇಳುತ್ತೇನೆ. ಲಿಫ್ಟ್ ಕಿಟ್ ಎತ್ತೋದು ಚಾಸಿ ಮತ್ತು ಬಾಡಿಯನ್ನು ಮಾತ್ರ. ಆಕ್ಸಲ್ ಮತ್ತು ಅದರ ನಡುವಿನ ಹೌಸಿಂಗ್ ಚಕ್ರದ ಜೊತೆಗೇ ಇರುತ್ತವೆ, ಒಂದು ಎಂಎಂ ಕೂಡ ಮೇಲೇರಲ್ಲ. ನಿಮ್ಮ ಹೌಸಿಂಗ್ ಕಲ್ಲಿಗೆ ಹೊಡೀತಿದ್ರೆ ಬೇಕಾಗಿರೋದು ದೊಡ್ಡ ಟೈರ್, ಕಿಟ್ ಅಲ್ಲ. ಟೈರಿನಲ್ಲೂ ಸಿಗೋದು ಕಮ್ಮಿ. ಜಿಮ್ನಿಯ ಮೂಲ ಟೈರ್ 195/80 ಆರ್15, ವ್ಯಾಸ 693 ಎಂಎಂ. 215/75 ಹಾಕಿದರೆ 703. ಆಕ್ಸಲ್ ಕೆಳಗೆ ಸಿಗೋದು ಅದರ ಅರ್ಧ, ಅಂದ್ರೆ 5 ಎಂಎಂ ಅಷ್ಟೇ.

ನನಗೆ ತಾಗಿದ್ದು ಹೊಟ್ಟೆ. ಹಾಗಾಗಿ ಕಿಟ್ ಬೇಕು ಅನ್ನೋದು ಖಾತ್ರಿಯಾಯ್ತು. ಆದರೆ ಅಲ್ಲಿಂದ ಮುಂದೆ ನಾನು ಅವಸರ ಮಾಡಿದೆ.

ಒಂದು ಗ್ಯಾರೇಜಿನಲ್ಲಿ, "ಅಣ್ಣ, ಸ್ಪ್ರಿಂಗ್ ಗಿಂಗ್ ಏನೂ ಬೇಡ. ನಾಲ್ಕು ಸ್ಪೇಸರ್ ಹಾಕಿ ಎರಡು ಇಂಚು ಎತ್ತಿಬಿಡೋಣ, ಸಂಜೆಗೆ ಗಾಡಿ ತಗೊಂಡು ಹೋಗಿ" ಅಂದರು. ಖರ್ಚು ಕೆಲವೇ ಸಾವಿರ. ಒಪ್ಪಿಕೊಂಡೆ. ಸ್ಪೇಸರ್ ಅಂದ್ರೆ ಸ್ಪ್ರಿಂಗಿನ ಮೇಲೆ ಕೂರಿಸುವ ದಪ್ಪ ಬಿಲ್ಲೆ. ಸ್ಪ್ರಿಂಗೂ ಹಳೇದೇ, ಶಾಕ್ ಅಬ್ಸಾರ್ಬರೂ ಹಳೇದೇ. ಗಾಡಿ ಮಾತ್ರ 50 ಎಂಎಂ ಮೇಲೆ.

ನೋಡೋಕೆ ಚೆಂದ ಇತ್ತು. ಓಡಿಸೋಕೆ ಶುರು ಮಾಡಿದ ಮೇಲೆ ಒಂದೊಂದೇ ಗೊತ್ತಾಯ್ತು. ಹಾಸನಕ್ಕೆ ಹೋಗುವಾಗ ಹೈವೇಯಲ್ಲಿ 80ರ ವೇಗಕ್ಕೆ ಸ್ಟೀರಿಂಗ್ ತೇಲಿದ ಹಾಗಾಯ್ತು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರೋದೇ ಇಲ್ಲ, ನಾವೇ ಎಳೆದು ತರಬೇಕು. ತೋಟದ ದಾರಿಯಲ್ಲಿ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಟಕ್ ಅಂತ ಒಂದು ಶಬ್ದ. ಶಾಕ್ ಅಬ್ಸಾರ್ಬರ್ ಪೂರ್ತಿ ಉದ್ದಕ್ಕೆ ಎಳೆದು ನಿಲ್ಲುವ ಶಬ್ದ ಅದು. ನಿಂತಲ್ಲೇ 50 ಎಂಎಂ ಎಳೆದುಕೊಂಡ ಶಾಕ್‌ಗೆ ಕೆಳಗೆ ಇಳಿಯೋಕೆ ಜಾಗವೇ ಉಳಿದಿರಲಿಲ್ಲ. ಅಂದ್ರೆ ಹೊಟ್ಟೆ ಎತ್ತರ ಆಯ್ತು, ಆದರೆ ಕೊರಕಲಲ್ಲಿ ಚಕ್ರ ನೆಲ ಮುಟ್ಟೋದು ಕಮ್ಮಿ ಆಯ್ತು. ಕಾಡುದಾರಿಯಲ್ಲಿ ಹಿಡಿತ ಕೊಡೋದು ನೆಲ ಮುಟ್ಟಿದ ಚಕ್ರ, ಅಲ್ವಾ?

ನಿಜವಾಗಿ ಹೆದರಿದ್ದು ಬ್ರೇಕ್ ಹೋಸ್, ಅಂದ್ರೆ ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ, ನೋಡಿ. ಒಂದು ದಿನ ಜಾಕ್ ಕೊಟ್ಟು ಚಾಸಿ ಎತ್ತಿ, ಮುಂದಿನ ಚಕ್ರ ಪೂರ್ತಿ ನೇತಾಡುವ ಹಾಗೆ ಬಿಟ್ಟೆ. ಹೋಸ್ ತಂತಿಯ ಹಾಗೆ ಬಿಗಿದು ನಿಂತಿತ್ತು. ಬ್ರೇಕ್ ಹಾಕಿದಾಗ ಚಕ್ರ ಜಾರದ ಹಾಗೆ ನೋಡಿಕೊಳ್ಳುವ ಎಬಿಎಸ್‌ನ ವೈರ್ ಕೂಡ ಹಾಗೇ. ಇಳಿಜಾರಿನ ಗುಂಡಿಯಲ್ಲಿ ಹೋಸ್ ಕಿತ್ತು ಬಂದಿದ್ದರೆ? ಮೂರೇ ವಾರಕ್ಕೆ ಸ್ಪೇಸರ್ ಬಿಚ್ಚಿಸಿದೆ. ಆಮೇಲೆ ಎರಡು ತಿಂಗಳು ಓದಿದೆ, ಕಂಡೋರನ್ನೆಲ್ಲ ಕೇಳಿದೆ.

ಜಿಮ್ನಿಗೆ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಆಕ್ಸಲ್ ಮುಂದೆ ಹಿಂದೆ ಸರಿಯದ ಹಾಗೆ ಎರಡು ಉದ್ದ ಆರ್ಮ್, ಪಕ್ಕಕ್ಕೆ ಸರಿಯದ ಹಾಗೆ ಒಂದು ಪ್ಯಾನ್‌ಹಾರ್ಡ್ ರಾಡ್. ಗಾಡಿ ಎತ್ತಿದರೆ ಈ ಮೂರರ ಕೋನವೂ ಬದಲಾಗುತ್ತೆ. ಮುಂದಿನ ಆರ್ಮ್‌ಗಳು ಇಳಿಜಾರಾದ ಹಾಗೆ ಆಕ್ಸಲ್ ಸ್ವಲ್ಪ ಮುಂದಕ್ಕೆ ಉರುಳುತ್ತೆ, ಕ್ಯಾಸ್ಟರ್ ಕಮ್ಮಿ ಆಗುತ್ತೆ. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ, ಅದರ ಮೇಲ್ತುದಿ ಹಿಂದಕ್ಕೆ ವಾಲಿರುತ್ತೆ. ಆ ವಾಲಿಕೆಯೇ ಕ್ಯಾಸ್ಟರ್. ಚಕ್ರ ನೇರಕ್ಕೆ ಬರೋಕೆ ಅದು ಬೇಕು. ಕಾರಲ್ಲೂ ಅದೇ ಲೆಕ್ಕ. ಹೈವೇಯಲ್ಲಿ ನನ್ನ ಸ್ಟೀರಿಂಗ್ ತೇಲಿದ್ದು ಇದಕ್ಕೇ. ಎತ್ತಿದ ಜಿಮ್ನಿಗೆ ಮುಂದಿನ ಆರ್ಮ್‌ನಲ್ಲಿ ಕ್ಯಾಸ್ಟರ್ ಸರಿಮಾಡುವ ಬುಷ್ (ಕೀಲಿನಲ್ಲಿ ಕೂರುವ ಬಳೆ) ಹಾಕಬೇಕು. ಇದರ ತೂತು ನಡುವೆ ಇರಲ್ಲ, ಸ್ವಲ್ಪ ಪಕ್ಕಕ್ಕೆ ಇರುತ್ತೆ. ಅದು ಇಲ್ಲದ ಕಿಟ್ಟನ್ನು ನಾನು ಪಟ್ಟಿಯಿಂದಲೇ ತೆಗೆದೆ.

ಪ್ಯಾನ್‌ಹಾರ್ಡ್ ರಾಡ್‌ನ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಗಾಡಿ ಎತ್ತಿದಾಗ ಅದು ಕಡಿದಾಗಿ, ಆಕ್ಸಲ್ಲನ್ನು ಚಾಸಿ ತುದಿಯ ಕಡೆಗೆ ಎಳೆಯುತ್ತೆ. ಉದ್ದ ಸರಿಮಾಡಬಹುದಾದ ರಾಡ್ ಇದ್ದರೆ ಮತ್ತೆ ನಡುವಿಗೆ ತರಬಹುದು.

ಇನ್ನು ಸ್ಪ್ರಿಂಗ್. ಎಲ್ಲರೂ ಕೇಳೋದು "ಎಷ್ಟು ಇಂಚು?" ಅಂತ. ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ಒಂದೇ ಎತ್ತರದ ಕಿಟ್‌ನಲ್ಲಿ ಗಡಸುತನ ಬೇರೆ ಬೇರೆ ಇರುವ ಸ್ಪ್ರಿಂಗ್‌ಗಳು ಸಿಗುತ್ತವೆ. ಖಾಲಿ ಗಾಡಿಗೆ ಒಂದು, ಸದಾ ಭಾರ ಹೊರುವ ಗಾಡಿಗೆ ಒಂದು, ಮುಂದೆ ಕಬ್ಬಿಣದ ಬಂಪರ್, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಇದ್ದರೆ ಇನ್ನೊಂದು. ಭಾರದ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಹೇಳಿದ್ದಕ್ಕಿಂತ ಜಾಸ್ತಿ ಎತ್ತರ ನಿಲ್ಲುತ್ತೆ, ಪ್ರತಿ ಕಲ್ಲಿಗೂ ಸೊಂಟ ನೋಯುತ್ತೆ. ಹಗುರದ್ದನ್ನು ಭಾರದ ಗಾಡಿಗೆ ಹಾಕಿದರೆ ಹಿಂಭಾಗ ಕುಸಿದು, ಎತ್ತಿದ ಲಾಭವೇ ಹೋಗುತ್ತೆ.

ಹಾಗಾದರೆ ನನ್ನ ಗಾಡಿ ಎಷ್ಟು ತೂಕ? ಊಹೆ ಬೇಡ ಅನ್ನಿಸಿತು. ಕಾಫಿ ಲೋಡ್ ತೂಗಿಸುವ ವೇಬ್ರಿಡ್ಜ್‌ಗೇ ಹೋದೆ. ದಿನಾ ಇರುವ ಹಾಗೇ ತುಂಬಿಕೊಂಡಿದ್ದೆ: ಇಬ್ಬರು ಜನ, ಪವರ್ ಸ್ಪ್ರೇಯರ್, ಟೂಲ್ಸ್, ಎರಡು ಚೀಲ. ಮೊದಲು ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ, ಆಮೇಲೆ ಪೂರ್ತಿ ಗಾಡಿ. ಮುಂದೆ 690 ಕೆಜಿ, ಒಟ್ಟು 1480. ಹಿಂದೆ 790 ಅಂತಾಯ್ತು. ಹತ್ತು ಕೆಜಿ ಹೆಚ್ಚು ಕಡಿಮೆ ಇರಬಹುದು, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಗಾಡಿಯ ಖಾಲಿ ತೂಕ ಸುಮಾರು 1200. ಕಂಪನಿ ಒಪ್ಪುವ ಗರಿಷ್ಠ ಒಟ್ಟು ತೂಕ 1545. ಕಿಟ್ ಹಾಕಿಸಿದರೂ ಆ ಗರಿಷ್ಠ ಏರಲ್ಲ. ಗಟ್ಟಿ ಸ್ಪ್ರಿಂಗ್ ಇದೆ ಅಂತ ಇನ್ನೂ ನಾಲ್ಕು ಚೀಲ ತುಂಬೋದು ತಪ್ಪು. ಆಕ್ಸಲ್, ಬ್ರೇಕ್ ಎಲ್ಲ ಹಳೇವೇ ಇರುತ್ತವೆ.

ಈ ಅಂಕಿ ಕೈಯಲ್ಲಿ ಇದ್ದಾಗ ಮಾರುವವರ ಜೊತೆ ಮಾತಾಡುವ ರೀತಿಯೇ ಬದಲಾಯ್ತು. ನಾನು ವಿಂಚ್ ಹಾಕಿಸಿಲ್ಲ, ಕಬ್ಬಿಣದ ಬಂಪರ್ ಬೇಡವೇ ಬೇಡ. ಹಾಗಾಗಿ ಮುಂದೆ ಹಗುರದ್ದು. ಹಿಂದೆ ಸದಾ ಏನಾದರೂ ಇದ್ದೇ ಇರುತ್ತೆ, ಅಲ್ಲಿಗೆ ಮಧ್ಯಮ. ಇನ್ನೊಂದು ವಿಷಯ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್ ತರದ ಹೆಸರುಗಳು ನಮ್ಮಲ್ಲೂ ಕೇಳಿಬರುತ್ತವೆ. ಅಲ್ಲೆಲ್ಲ ಮೊದಲು ಬಂದಿದ್ದು ಮೂರು ಬಾಗಿಲಿನ ಜಿಮ್ನಿ, ಅದರ ವೀಲ್‌ಬೇಸ್ 2250. ಐದು ಬಾಗಿಲಿನದು ನಮ್ಮಲ್ಲಿ 2023ರ ಜೂನ್‌ನಲ್ಲಿ ಬಂತು, ಇದು ಸುಮಾರು ನೂರು ಕೆಜಿ ಜಾಸ್ತಿ ಭಾರ. ಮೂರು ಬಾಗಿಲಿನದಕ್ಕೆ ಅಂತ ಮಾಡಿದ ಹಿಂದಿನ ಸ್ಪ್ರಿಂಗ್ ಇದಕ್ಕೆ ಕೂರುತ್ತೆ, ಆದರೆ ಬರೆದಷ್ಟು ಎತ್ತರ ಸಿಗಲ್ಲ. ಯಾವ ಮಾಡೆಲ್‌ಗೆ ಅಂತ ಪಾರ್ಟ್ ನಂಬರ್ ಸಮೇತ ಕೇಳಿ.

ಎತ್ತರ 40 ಇರಲೋ 50 ಇರಲೋ ಅಂತ ಬಹಳ ಯೋಚಿಸಿದೆ. ಜಿಮ್ನಿ ಅಗಲ 1645 ಎಂಎಂ, ಎತ್ತರ ಆಗಲೇ 1720. ಅಗಲಕ್ಕಿಂತ ಎತ್ತರ ಜಾಸ್ತಿ. ನಮ್ಮ ತೋಟದ ದಾರಿಗಳು ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು. ಗಾಡಿ ಪಕ್ಕಕ್ಕೆ ವಾಲಿಕೊಂಡೇ ಹೋಗಬೇಕು. ಅಲ್ಲಿ ಪ್ರತಿ ಎಂಎಂ ಎತ್ತರಕ್ಕೂ ಮಗುಚುವ ಭಯ ಏರುತ್ತೆ. 40ಕ್ಕೆ ಬ್ರೇಕ್‌ಓವರ್ ಸುಮಾರು ಮೂರು ಡಿಗ್ರಿ ಜಾಸ್ತಿ ಸಿಗುತ್ತೆ ಅಂತ ಲೆಕ್ಕ ಬಂತು. ದಿಬ್ಬದ ಮೇಲೆ ಹಗ್ಗ ಹಿಡಿದು ಅಳೆದಾಗ ನನಗೆ ಬೇಕಿದ್ದದ್ದು ಅಷ್ಟೇ. ಜೊತೆಗೆ ಅಮ್ಮ. ಸ್ಪೇಸರ್ ಹಾಕಿದ್ದ ದಿನಗಳಲ್ಲಿ ಅವರಿಗೆ ಗಾಡಿ ಹತ್ತೋಕೆ ಆಗುತ್ತಿರಲಿಲ್ಲ. ಮಂಡಿ ನೋವು. "ನನ್ನನ್ನ ಬಿಟ್ಟೇ ಹೋಗು ಮಗ" ಅಂದಿದ್ದರು. ಆ ಮಾತು ಮನಸ್ಸಲ್ಲಿ ಉಳಿದಿತ್ತು. 40 ಅಂತ ತೀರ್ಮಾನ ಮಾಡಿದೆ, ಜೊತೆಗೆ ಪಕ್ಕಕ್ಕೆ ಮೆಟ್ಟಿಲು.

ಕಾನೂನಿನ ವಿಷಯವನ್ನೂ ಮುಚ್ಚಿಡಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೆ ಬರೆದು ಕೇಳಿ, ಅವರ ಉತ್ತರ ಇಟ್ಟುಕೊಳ್ಳಿ. ಸಸ್ಪೆನ್ಷನ್‌ಗೆ ಇರುವ ವಾರಂಟಿ ಹೋಗಬಹುದು ಅನ್ನೋದಕ್ಕೂ ತಯಾರಿರಿ. ನಾನು ಚಾಸಿ ಕೊಯ್ಯುವ, ವೆಲ್ಡ್ ಮಾಡುವ ಯಾವ ಕೆಲಸಕ್ಕೂ ಒಪ್ಪಲಿಲ್ಲ. ಬೋಲ್ಟ್ ಬಿಚ್ಚಿದರೆ ಎಲ್ಲ ಮೊದಲಿನ ಹಾಗೆ ಆಗಬೇಕು.

ಕೊಯ್ಲು ಶುರುವಾಗುವ ಮೊದಲು, 2024ರ ನವೆಂಬರ್‌ನಲ್ಲಿ ಕಿಟ್ ಬಂತು. ನಾಲ್ಕು ಸ್ಪ್ರಿಂಗ್, ನಾಲ್ಕು ಉದ್ದದ ಶಾಕ್, ಕ್ಯಾಸ್ಟರ್ ಬುಷ್, ಮುಂದೆ ಹಿಂದೆ ಪ್ಯಾನ್‌ಹಾರ್ಡ್ ರಾಡ್, ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಹೊಡೆಯದ ಹಾಗೆ ತಡೆಯುವ ರಬ್ಬರ್), ಉದ್ದದ ಬ್ರೇಕ್ ಹೋಸ್. ಖರ್ಚು ಒಂದು ಲಕ್ಷ ದಾಟಿತು. ಬಿಚ್ಚುವ ಮೊದಲು ಪ್ರತಿ ಚಕ್ರದ ನಡುವಿನಿಂದ ಫೆಂಡರ್ (ಚಕ್ರದ ಮೇಲಿನ ಮಡ್‌ಗಾರ್ಡ್) ಅಂಚಿನವರೆಗೆ ಅಳೆದು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಫೆಂಡರಿಂದ ತೂಗುಗುಂಡು ಇಳಿಬಿಟ್ಟು, ಟೈರ್ ಎಷ್ಟು ಒಳಗಿದೆ ಅಂತಲೂ ಗುರುತು ಹಾಕಿಕೊಂಡೆ. ಕಿಟ್ ಹಾಕಿದ ಮೇಲೆ ಮುಂದಿನ ಆಕ್ಸಲ್ 8 ಎಂಎಂ ಪಕ್ಕಕ್ಕೆ ಬಂದಿದ್ದು ಆ ಗುರುತಿನಿಂದಲೇ ಗೊತ್ತಾಗಿದ್ದು. ರಾಡ್ ಉದ್ದ ಮಾಡಿ ಸರಿಮಾಡಿದೆವು.

ಹೊಸ ಸ್ಪ್ರಿಂಗ್ ಕೂರಿಸುವ ಮೊದಲು, ಸ್ಪ್ರಿಂಗ್ ಇಲ್ಲದೆ ಬರೀ ಶಾಕ್ ಹಾಕಿ, ಜಾಕ್‌ನಿಂದ ಆಕ್ಸಲ್ಲನ್ನು ಬಂಪ್ ಸ್ಟಾಪ್ ತಾಗುವವರೆಗೂ ಎತ್ತಿ, ಪೂರ್ತಿ ಇಳಿಸಿ ನೋಡಿ ಅಂತ ಮೆಕ್ಯಾನಿಕ್‌ಗೆ ಹೇಳಿದ್ದೆ. ಒಂದು ಗಂಟೆ ಜಾಸ್ತಿ ಹಿಡೀತು. ಆದರೆ ಟೈರ್ ಎಲ್ಲಿ ತಾಗುತ್ತೆ, ಹೋಸ್ ಎಷ್ಟು ಎಳೆಯುತ್ತೆ ಎಲ್ಲ ಕಣ್ಣಾರೆ ಕಂಡಿತು. ಎಬಿಎಸ್ ವೈರಿನ ಒಂದು ಕ್ಲಿಪ್ ಸರಿಸಬೇಕಾಯ್ತು.

ಬಹಳ ಜನ ತಪ್ಪು ಮಾಡೋದು ಬೋಲ್ಟ್ ಬಿಗಿ ಮಾಡುವಾಗ. ಗಾಡಿ ಗ್ಯಾರೇಜಿನ ಲಿಫ್ಟ್ ಮೇಲೆ ನೇತಾಡುತ್ತಿರುವಾಗಲೇ ಆರ್ಮ್‌ಗಳ ಬೋಲ್ಟ್ ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಗಾಡಿ ನೆಲಕ್ಕೆ ಇಳಿದಾಗ ಒಳಗಿನ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಮೊದಲು ಸುಮ್ನೆ ಕೈಬಿಗಿ ಮಾಡಿ, ಗಾಡಿ ಚಕ್ರದ ಮೇಲೆ ನಿಂತ ಮೇಲೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಬೇಕು. 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ನನ್ನದರಲ್ಲಿ ಆಗ ಎರಡು ಬೋಲ್ಟ್ ಕಾಲು ಸುತ್ತು ಸಡಿಲ ಇದ್ದವು.

ಸ್ಟೀರಿಂಗ್ ಚಕ್ರ ಸ್ವಲ್ಪ ಓರೆಯಾಗಿತ್ತು. ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ದಂಡ, ಡ್ರ್ಯಾಗ್ ಲಿಂಕ್, ಅದರ ಉದ್ದ ಸರಿಮಾಡಿ ನೇರ ಮಾಡಿಸಿದೆ. ಇದು ಬರೀ ಅಂದಕ್ಕಲ್ಲ. ಸ್ಟೀರಿಂಗ್ ಓರೆ ಇದ್ದರೆ, ಗಾಡಿ ತಿರುಗುತ್ತಿದೆ ಅಂತ ಇಎಸ್‌ಪಿ (ಗಾಡಿ ಜಾರದ ಹಾಗೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ) ತಪ್ಪು ತಿಳಿಯಬಹುದು. ಆಮೇಲೆ ವೀಲ್ ಅಲೈನ್‌ಮೆಂಟ್. ಸಂಜೆ ಗೋಡೆ ಮುಂದೆ ನಿಲ್ಲಿಸಿ ಹೆಡ್‌ಲೈಟ್ ಇಳಿಸಿದೆ. ಇಲ್ಲದಿದ್ದರೆ ಶಿರಾಡಿ ಘಾಟಿಯಲ್ಲಿ ಎದುರಿಗೆ ಬರುವವರ ಕಣ್ಣಿಗೇ ಹೊಡೆಯುತ್ತೆ.

ಮೈಲೇಜ್ ಸ್ವಲ್ಪ ಕಮ್ಮಿಯಾಯ್ತು, ಹೈವೇ ತಿರುವಲ್ಲಿ ಮೊದಲಿಗಿಂತ ನಿಧಾನ ಹೋಗುತ್ತೇನೆ. ಸ್ಟೀರಿಂಗ್ ಮಾತ್ರ ತಾನಾಗಿ ನೇರಕ್ಕೆ ಬರುತ್ತೆ. ಟಕ್ ಶಬ್ದ ಇಲ್ಲ.

2025ರ ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮಾರನೇ ದಿನ ಕೆರೆ ದಾರಿ ಹಿಡಿದೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಬಲದ ಗೇರ್) ಹಾಕಿ ದಿಬ್ಬ ಹತ್ತಿದೆ. ನೆತ್ತಿ ದಾಟುವಾಗ ಕೆಳಗೆ ಸಣ್ಣಗೆ ಹುಲ್ಲು ಸವರಿದ ಶಬ್ದ ಬಂತು, ಕಬ್ಬಿಣದ ಶಬ್ದ ಬರಲಿಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದರು. ಮೊನ್ನೆ ಅದೇ ಪುಸ್ತಕ ತೆಗೆದು ಫೆಂಡರ್ ಅಳತೆ ಮತ್ತೆ ನೋಡಿದೆ. ಹಿಂದಿನ ಸ್ಪ್ರಿಂಗ್‌ಗಳು 5 ಎಂಎಂ ಕೂತಿವೆ, ಮುಂದಿನವು ಹಾಗೇ ಇವೆ. ಬಿಚ್ಚಿದ ಹಳೆ ಸ್ಪ್ರಿಂಗ್, ಶಾಕ್ ಎಲ್ಲ ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ಗೋಡೌನ್ ಅಟ್ಟದ ಮೇಲೆ ಇಟ್ಟಿದ್ದೇನೆ.